ಮರುಕಳಿಸುವ ಅಕ್ಷರಗಳು

ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ಮಳೆಗಾಲವನ್ನು ವರ್ಣಿಸಹೊರಟರೆ ಕೆಲವು ಪದಗಳು ತಾವಾಗಿಯೇ ನಮಗೆ ಒದಗುತ್ತವೆ. ಹಂಚಿನ ಮೇಲೆ ಹನಿಗಳು ಪಟಪಟನೆ ಬೀಳುತ್ತವೆ. ಅಡಕೆಯ ತೋಟದ ಕಾಲುವೆಯಲ್ಲಿ ನೀರು ಜುಳುಜುಳು ಹರಿಯುತ್ತದೆ. ಒಲೆಯಲ್ಲಿ ಕಟ್ಟಿಗೆ ಚಟಚಟನೆ ಸಿಡಿಯುತ್ತದೆ. ಈ ಪದಗಳನ್ನು ನಡುವೆ ಕತ್ತರಿಸಿದರೆ ಎರಡು ಭಾಗಗಳೂ ಒಂದೇ.

ಇಂತಹ ಧ್ವನಿಸೂಚಕ ಪದಗಳನ್ನು ವ್ಯಾಕರಣದಲ್ಲಿ ಅನುಕರಣಾವ್ಯಯಗಳೆನ್ನುತ್ತಾರೆ. 'ಮನೆಮನೆ', 'ಬೇಗಬೇಗ' ಎಂಬವು ನೋಡಲು ಹೀಗೆಯೇ ಇದ್ದರೂ ಅವು ದ್ವಿರುಕ್ತಿಗಳು. ಒಂದು ಭಾಗವನ್ನು ಅಳಿಸಿದರೆ ಭೇದವು ತಿಳಿಯುತ್ತದೆ: 'ಮನೆ' ಅರ್ಥವುಳ್ಳ ಪದವಾಗಿಯೇ ಉಳಿಯುತ್ತದೆ, 'ಜುಳು' ಎಂಬುದಕ್ಕೆ ಸ್ವತಂತ್ರವಾದ ಅರ್ಥವಿಲ್ಲ.

ಈ ಮರುಕಳಿಕೆಯು ಗಣಿತಕ್ಕೂ ವಿಷಯವಾಗಿದೆ. ಒಂದು ಅಕ್ಷರವಾಗಲಿ, ಅಕ್ಷರಗಳ ಗುಂಪಾಗಲಿ ತನ್ನ ಬೆನ್ನಿಗೇ ಮತ್ತೆ ಬಾರದಂತೆ ಎಷ್ಟು ಉದ್ದದ ಸಾಲನ್ನು ಬರೆಯಬಹುದು? ಕ, ಮ ಎಂಬ ಎರಡೇ ಅಕ್ಷರಗಳಿದ್ದರೆ ಅವನ್ನು ಒಂದಾದ ಮೇಲೊಂದರಂತೆ ಇಡಲೇಬೇಕು: 'ಕಮಕ'. ಮುಂದೆ 'ಕ' ಇಟ್ಟರೆ 'ಕಕ' ಬರುತ್ತದೆ. 'ಮ' ಇಟ್ಟರೆ 'ಕಮಕಮ' ಆಗುತ್ತದೆ. ಆದುದರಿಂದ ನಾಲ್ಕನೆಯ ಅಕ್ಷರಕ್ಕೆ ಎಡೆಯೇ ಇಲ್ಲ. ಮೂರು ಅಕ್ಷರಗಳಿದ್ದರೆ ಮಾತ್ರ ಸಾಲನ್ನು ಕೊನೆಯಿಲ್ಲದೆ ಬೆಳೆಸಬಹುದೆಂದು ನಾರ್ವೆಯ ಗಣಿತಜ್ಞ ಆಕ್ಸೆಲ್ ಥೂ 1906ರಲ್ಲಿ ಸಾಧಿಸಿ ತೋರಿಸಿದನು.

ಕ, ಮ, ಲ ಎಂಬ ಮೂರು ಅಕ್ಷರಗಳಿಂದ ಇಪ್ಪತ್ತು ಅಕ್ಷರಗಳ ಇಂತಹ ಸಾಲನ್ನು ರಚಿಸಲು ವಿದ್ಯಾರ್ಥಿಗಳು ಪ್ರಯತ್ನಿಸಿ ನೋಡಬಹುದು.