ಮಾತೆ ಭಾಷೆ ಬದಲಿಸಿದ ಬೆಟ್ಟ

ಕೊಡೈಕೆನಾಲ್ ಎಂದರೆ ನಮ್ಮವರಿಗೆ ನೆನಪಾಗುವುದು ನಕ್ಷತ್ರದಾಕಾರದ ಕೆರೆ, ಪಿಲ್ಲರ್ ರಾಕ್ಸ್, ಬಿಸಿ ಜೋಳ, ಮನೆಯಲ್ಲೇ ತಯಾರಿಸಿದ ಚಾಕೊಲೇಟ್. ಚೆನ್ನೈ, ಮಧುರೈ, ಕೊಯಮತ್ತೂರುಗಳಲ್ಲಿ ದುಡಿಯುವ ಕನ್ನಡಿಗರು ವಾರದ ಕೊನೆಗೆ ಹತ್ತಿ ಇಳಿಯುವ ಬೆಟ್ಟ ಅದು. ತಮಿಳುನಾಡಿನ ಕಥೋಲಿಕರಿಗೆ ಮಾತ್ರ ಕೊಡೈ ಒಂದು ಯಾತ್ರಾಸ್ಥಳವೂ ಹೌದು. ಊರಿನ ಎತ್ತರದ ಜಾಗವೊಂದರಲ್ಲಿ ‘ಸಲೇತ್ ಮಾತಾ’ ದೇವಾಲಯವಿದೆ. ಪ್ರತಿವರ್ಷ ಆಗಸ್ಟ್ 14 ಮತ್ತು 15ರಂದು ಅಲ್ಲಿ ಹಬ್ಬ. ಆ ಎರಡು ದಿನ ಘಾಟಿ ರಸ್ತೆಯಲ್ಲಿ ಪ್ರವಾಸಿಗರಿಗಿಂತ ಹರಕೆ ಹೊತ್ತವರೇ ಹೆಚ್ಚು.

‘ಸಲೇತ್’ ಯಾವ ಭಾಷೆಯ ಪದ? ತಮಿಳರಲ್ಲಿ ಸಲೇತ್ ಮೇರಿ ಎಂಬ ಹೆಸರಿನ ಹೆಣ್ಣುಮಕ್ಕಳು ಎಷ್ಟೋ ಜನ ಇದ್ದಾರೆ. ಕೇಳಿದರೆ ಅಚ್ಚ ತಮಿಳು ಹೆಸರಿನಂತೆಯೇ ಇದೆ. ಆದರೆ ಅದು ಫ್ರಾನ್ಸಿನ ಆಲ್ಪ್ಸ್ ಪರ್ವತಸೀಮೆಯ ಲಾ ಸಲೆಟ್ ಎಂಬ ಹಳ್ಳಿಯ ಹೆಸರು. ಫ್ರಾನ್ಸಿನಿಂದ ಬಂದ ಜೆಸ್ವಿಟ್ ಗುರು ಫಾದರ್ ಲೂಯಿ ಸೇಂಟ್ ಸಿರ್ ತಮ್ಮ ನಾಡಿನ ಆ ಮಾತೆಯ ಹೆಸರಿನಲ್ಲಿ ಪಳನಿ ಬೆಟ್ಟಗಳ ಮೇಲೆ ಕಟ್ಟಿಸಿದ ಈ ದೇವಾಲಯ ಪೂರ್ಣಗೊಂಡದ್ದು 1866ರಲ್ಲಿ. ಲಾ ಸಲೆಟ್‌ನ ಘಟನೆ ನಡೆದು ಆಗ ಇಪ್ಪತ್ತೇ ವರ್ಷ.

ಆ ಘಟನೆ ಏನೆಂದು ತಿಳಿದು ಹೋದರೆ ಈ ಯಾತ್ರೆಯ ಅರ್ಥವೇ ಬೇರೆಯಾಗುತ್ತದೆ, ಅದರಲ್ಲೂ ನಮ್ಮಂಥ ಹೊರನಾಡಿನವರಿಗೆ.

1846ರ ಸೆಪ್ಟೆಂಬರ್ 19. ಲಾ ಸಲೆಟ್‌ನ ಮೇಲಿನ ಹುಲ್ಲುಗಾವಲಿನಲ್ಲಿ, ಸುಮಾರು 1,800 ಮೀಟರ್ ಎತ್ತರದಲ್ಲಿ, ಇಬ್ಬರು ಮಕ್ಕಳು ದನ ಮೇಯಿಸುತ್ತಿದ್ದರು. ಹದಿನಾಲ್ಕರ ಹುಡುಗಿ ಮೆಲಾನಿ ಕಾಲ್ವಾ, ಹನ್ನೊಂದರ ಹುಡುಗ ಮ್ಯಾಕ್ಸಿಮಿನ್ ಜಿರೊ. ಇಬ್ಬರೂ ಬಡವರ ಮನೆಯವರು, ಕೂಲಿಗೆ ಬಂದವರು. ಪರಸ್ಪರ ಪರಿಚಯವಾಗಿ ಒಂದೆರಡು ದಿನವಾಗಿತ್ತಷ್ಟೆ. ಅವರು ಹೇಳಿದಂತೆ, ಕಲ್ಲಿನ ಮೇಲೆ ಕುಳಿತು, ಮುಖವನ್ನು ಎರಡೂ ಕೈಗಳಲ್ಲಿ ಮುಚ್ಚಿಕೊಂಡು ಅಳುತ್ತಿದ್ದ ಒಬ್ಬ ಹೆಂಗಸು ಬೆಳಕಿನೊಳಗೆ ಕಂಡರು. ಎದ್ದು ಬಂದು ಮಕ್ಕಳ ಜೊತೆ ಮಾತನಾಡಿದರು. ಜನ ದೇವರನ್ನು ಮರೆತಿದ್ದಾರೆ, ಭಾನುವಾರದ ಬಿಡುವನ್ನೂ ಬಿಟ್ಟಿದ್ದಾರೆ ಎಂದು ನೊಂದರು. ಬೆಳೆ ಹಾಳಾಗುತ್ತದೆ ಎಂದು ಎಚ್ಚರಿಸಿದರು. ಅವು ಯುರೋಪಿನಲ್ಲಿ ಆಲೂಗಡ್ಡೆಗೆ ರೋಗ ಬಿದ್ದು ಬಡವರು ಹಸಿದಿದ್ದ ವರ್ಷಗಳು.

ಮಾತು ಆಲೂಗಡ್ಡೆಗೆ ಬಂದಾಗ ಮೆಲಾನಿ ಗಲಿಬಿಲಿಗೊಂಡಳು. ಆ ಹೆಂಗಸು ಆಡುತ್ತಿದ್ದದ್ದು ಫ್ರೆಂಚ್. ಫ್ರೆಂಚಿನಲ್ಲಿ ಆಲೂಗಡ್ಡೆಗೆ ‘ಪೊಮ್ ದ ತೇರ್’, ಅಂದರೆ ಮಣ್ಣಿನ ಸೇಬು. ಆ ಕಣಿವೆಯ ಮನೆಮಾತಿನಲ್ಲಿ ಅದರ ಹೆಸರೇ ಬೇರೆ, ‘ತ್ರೂಫಾ’. ಏನು ಹೇಳುತ್ತಿದ್ದಾರೆಂದು ಕೇಳಲು ಹುಡುಗಿ ಮ್ಯಾಕ್ಸಿಮಿನ್ ಕಡೆ ತಿರುಗಿದಳು. ಅದನ್ನು ಕಂಡ ಆ ತಾಯಿ, ನಿಮಗೆ ಫ್ರೆಂಚ್ ತಿಳಿಯದು, ಬೇರೆ ಥರ ಹೇಳುತ್ತೇನೆ ಎಂದು ಮಕ್ಕಳ ಆಡುಮಾತಿಗೇ ಹೊರಳಿದರು. ಬೆಳೆಯ ಬಗ್ಗೆ ಹೇಳಿದ್ದನ್ನು ಮತ್ತೆ ಹೇಳಿದರು. ಹಾಳಾದ ಗೋಧಿಯನ್ನು ನೋಡಿ ಬಂದ ದಿನ, ‘ಈ ವರ್ಷವಾದರೂ ತಿನ್ನು’ ಎಂದು ಮ್ಯಾಕ್ಸಿಮಿನ್‌ನ ಅಪ್ಪ ಮಗನ ಕೈಗೆ ರೊಟ್ಟಿ ಕೊಟ್ಟದ್ದನ್ನು ನೆನಪಿಸಿದ್ದೂ ಅದೇ ಭಾಷೆಯಲ್ಲಿ. ಹೊರಡುವಾಗ ಮಾತ್ರ, ಇದನ್ನು ನನ್ನ ಜನರಿಗೆಲ್ಲ ತಿಳಿಸಿ ಎಂಬ ಮಾತನ್ನು ಮತ್ತೆ ಫ್ರೆಂಚಿನಲ್ಲಿ ಹೇಳಿದರು.

ಮಕ್ಕಳ ಮಾತನ್ನು ಮರುದಿನವೇ ಊರವರು ಬರೆದಿಟ್ಟರು. ವರ್ಷಗಳ ವಿಚಾರಣೆಯ ನಂತರ 1851ರಲ್ಲಿ ಗ್ರೆನೋಬಲ್‌ನ ಬಿಷಪ್ ಈ ದರ್ಶನಕ್ಕೆ ಮನ್ನಣೆ ಕೊಟ್ಟರು. ನಂಬುವುದು ಬಿಡುವುದು ಅವರವರಿಗೆ ಸೇರಿದ್ದು. ಆದರೆ ಆಲೂಗಡ್ಡೆಯ ಪ್ರಸಂಗವನ್ನು ಓದಿ ಹೊರನಾಡಿನಲ್ಲಿ ಮಕ್ಕಳನ್ನು ಬೆಳೆಸುತ್ತಿರುವ ಯಾರೂ ಸುಮ್ಮನೆ ಮುಂದೆ ಹೋಗಲಾರರು. ಆ ಗಡ್ಡೆ ನಮ್ಮ ಹಾಸನದ ಕಡೆ ಆಲೂಗಡ್ಡೆ, ಕೋಲಾರದ ಕಡೆ ಉರ್ಲಗಡ್ಡೆ, ಧಾರವಾಡದಲ್ಲಿ ಬಟಾಟಿ. ಚೆನ್ನೈನಲ್ಲಿ ಬೆಳೆಯುತ್ತಿರುವ ನನ್ನ ಮಗಳಿಗೆ ಅದು ಬೀದಿಯಲ್ಲಿ ಉರುಳೈಕ್ಕಿಳಂಗು, ಶಾಲೆಯಲ್ಲಿ ಪೊಟ್ಯಾಟೊ.

ನಾವು ಹೋದದ್ದು ಹಬ್ಬದ ಗದ್ದಲವಿಲ್ಲದ ದಿನಗಳಲ್ಲಿ: ನಾನು, ಹೆಂಡತಿ, ಏಳು ವರ್ಷದ ಮಗಳು, ಊರಿನಿಂದ ಬಂದಿದ್ದ ಅಮ್ಮ. ಚೆನ್ನೈನಿಂದ ರಾತ್ರಿಯ ರೈಲು ಹತ್ತಿದರೆ ಬೆಳಗಿನ ಜಾವಕ್ಕೆ ಕೊಡೈ ರೋಡ್ ನಿಲ್ದಾಣ. ಅಲ್ಲಿಂದ ಬೆಟ್ಟಕ್ಕೆ ಸುಮಾರು 80 ಕಿಲೋಮೀಟರ್. ಸ್ವಂತ ಕಾರಿನಲ್ಲಿ ಹೋಗುವವರಿಗೆ 2024ರ ಮೇ ತಿಂಗಳಲ್ಲಿ ಇ-ಪಾಸ್ ವ್ಯವಸ್ಥೆ ಬಂದಿದೆ. ಹೊರಡುವ ಮುನ್ನ ನೋಡಿಕೊಳ್ಳಿ. ಕೊಡೈ 2,100 ಮೀಟರಿಗೂ ಎತ್ತರದಲ್ಲಿದೆ. ವಯಸ್ಸಾದವರಿಗೆ ಸ್ವೆಟರ್, ಕಿವಿ ಮುಚ್ಚುವ ಟೋಪಿ ಬೇಕೇ ಬೇಕು.

ಪೂಜೆ ತಮಿಳಿನಲ್ಲಿ ನಡೆಯಿತು. ಅಮ್ಮನಿಗೆ ತಮಿಳು ಬಾರದು. ಯಾವಾಗ ಏಳಬೇಕು, ಯಾವಾಗ ಮಂಡಿಯೂರಬೇಕು ಎಂಬುದು ಎಲ್ಲ ಊರಲ್ಲೂ ಒಂದೇ ಆದ್ದರಿಂದ ಅವರಿಗೆ ತೊಂದರೆಯಾಗಲಿಲ್ಲ. ‘ಪ್ರಸಂಗದಲ್ಲಿ ಗುರುಗಳು ಏನಂದ್ರು?’ ಎಂದು ಮೊಮ್ಮಗಳನ್ನು ಕೇಳಿದರು. ಅವಳು ಅರ್ಧ ಕನ್ನಡ, ಅರ್ಧ ಇಂಗ್ಲಿಷ್ ಬೆರೆಸಿ ಹೇಳಿದಳು. ಅಮ್ಮನಿಗೆ ಕನ್ನಡದ ಅರ್ಧ ತಿಳಿಯಿತು.

ಪೂಜೆ ಮುಗಿದ ಮೇಲೆ ಹೊರಗಿನ ಬಿಸಿಲಲ್ಲಿ ಕುಳಿತು ಅಮ್ಮ ಜಪಸರ ತೆಗೆದರು. ಜಪಸರ ಹೇಳುವ ಕ್ರಮ ಗೊತ್ತಿಲ್ಲದವರಿಗೆ ಒಂದು ಮಾತು: ಪ್ರತಿ ಮಣಿಗೂ ಪ್ರಾರ್ಥನೆಯ ಮೊದಲರ್ಧವನ್ನು ಒಬ್ಬರು ಹೇಳಿದರೆ ಉಳಿದರ್ಧವನ್ನು ಜೊತೆಯವರು ಹೇಳಬೇಕು. ಅಮ್ಮ ಕನ್ನಡದಲ್ಲಿ ಶುರು ಮಾಡಿದರು. ಮಗಳು ಚೆನ್ನೈನ ಧರ್ಮೋಪದೇಶ ತರಗತಿಯಲ್ಲಿ ಕಲಿತಂತೆ ತಮಿಳಿನಲ್ಲಿ ಮುಗಿಸಿದಳು. ಅಮ್ಮ ಒಂದು ಗಳಿಗೆ ಅವಳ ಮುಖ ನೋಡಿ, ಮುಂದಿನ ಮಣಿ ಹಿಡಿದರು. ಐವತ್ತು ಮಣಿಯೂ ಹಾಗೆಯೇ ನಡೆಯಿತು. ಪಕ್ಕದಲ್ಲಿದ್ದ ಮಧುರೈ ಕಡೆಯ ಹೆಂಗಸೊಬ್ಬರು ಮಗಳ ಜೊತೆ ದನಿಗೂಡಿಸಿದರು.

ಕೇಳಲು ಚೆಂದವಿತ್ತು. ಆದರೆ ಅಮ್ಮನ ನಂತರ ಆ ಕನ್ನಡದ ಅರ್ಧವನ್ನು ಹೇಳುವವರು ಯಾರು ಎಂಬ ಪ್ರಶ್ನೆ ನನ್ನನ್ನು ಬಿಡಲಿಲ್ಲ. ನಮ್ಮ ಮಕ್ಕಳಿಗೆ ತಮಿಳೋ ಮರಾಠಿಯೋ ತೆಲುಗೋ ಬರುವುದು ಸಂತೋಷದ ಸಂಗತಿ. ಅವರು ಬದುಕುವ ಬೀದಿಯ ಭಾಷೆ ಅದು, ಬರಲೇಬೇಕು. ಬೀದಿಯ ಭಾಷೆಯನ್ನು ಬೀದಿ ಕಲಿಸುತ್ತದೆ, ಶಾಲೆಯದನ್ನು ಶಾಲೆ. ಮನೆಯದನ್ನು ಕಲಿಸಲು ಮನೆ ಬಿಟ್ಟರೆ ಬೇರೆ ಜಾಗವಿಲ್ಲ.

ಲಾ ಸಲೆಟ್‌ನ ಕಥೆಗೆ ಯಾತ್ರಿಕರು ಅಷ್ಟಾಗಿ ಗಮನಿಸದ ಇನ್ನೊಂದು ಭಾಗವಿದೆ. 1880ರ ದಶಕದ ಆರಂಭದಲ್ಲಿ ಫ್ರಾನ್ಸಿನಲ್ಲಿ ಪ್ರಾಥಮಿಕ ಶಿಕ್ಷಣ ಉಚಿತವೂ ಕಡ್ಡಾಯವೂ ಆಯಿತು. ಪಾಠವೆಲ್ಲ ಫ್ರೆಂಚಿನಲ್ಲೇ. ಊರಮಾತು ಆಡಿದ ಮಕ್ಕಳಿಗೆ ಶಾಲೆಗಳಲ್ಲಿ ಅವಮಾನ, ಶಿಕ್ಷೆ. ಮಕ್ಕಳು ಮುಂದೆ ಬರಲೆಂದು ತಾಯಂದಿರೂ ಕ್ರಮೇಣ ಮನೆಯಲ್ಲಿ ಫ್ರೆಂಚನ್ನೇ ಆಡತೊಡಗಿದರು. ಇಂದು ಆ ಬೆಟ್ಟಕ್ಕೆ ಲೋಕದ ಮೂಲೆಮೂಲೆಯಿಂದ ಭಕ್ತರು ಬರುತ್ತಾರೆ. ಮೆಲಾನಿ, ಮ್ಯಾಕ್ಸಿಮಿನ್ ಆಡಿದ ಮಾತನ್ನು ಆಡುವವರು ಮಾತ್ರ ಆ ಕಡೆ ವಿರಳ. ಸ್ವರ್ಗದ ತಾಯಿಯೇ ಆಡಿದಳೆಂದು ನಂಬಲಾದ ಭಾಷೆಗೂ ಆ ನಂಬಿಕೆ ರಕ್ಷೆಯಾಗಲಿಲ್ಲ. ಅಡುಗೆಮನೆಯಲ್ಲಿ ಆಡುವುದು ನಿಂತ ದಿನವೇ ಅದು ಸೊರಗಿತು.

ಆ ಬೆಟ್ಟದ ಕಥೆಯಲ್ಲಿ, ಅರ್ಥವಾಗದಾಗ ಮಕ್ಕಳನ್ನು ಯಾರೂ ಗದರಲಿಲ್ಲ. ಹೇಳುವವರೇ ಮತ್ತೊಮ್ಮೆ ಹೇಳುವ ಶ್ರಮ ತೆಗೆದುಕೊಂಡರು. ‘ನಮ್ಮ ಮಕ್ಕಳಿಗೆ ಕನ್ನಡ ಬರಲ್ಲ’ ಎಂದು ಕನ್ನಡ ಸಂಘದ ಸಭೆಗಳಲ್ಲಿ ಕೊರಗುವ ನಾವು, ದಿನಕ್ಕೆ ಎಷ್ಟು ಮಾತನ್ನು ಎರಡನೇ ಸಲ ಕನ್ನಡದಲ್ಲಿ ಹೇಳುತ್ತೇವೆ ಎಂದು ಲೆಕ್ಕ ಹಾಕಿದರೆ ಉತ್ತರ ಸಿಕ್ಕೀತು.

ಕೊಡೈನಿಂದ ಬಂದ ಮೇಲೆ ನಮ್ಮ ಮನೆಯಲ್ಲಿ ರಾತ್ರಿ ಊಟಕ್ಕೆ ಮುಂಚೆ ಹತ್ತು ಮಣಿಯ ಪ್ರಾರ್ಥನೆ ನಡೆಯುತ್ತದೆ. ಅಮ್ಮ ಹಾಸನದಿಂದ ವಿಡಿಯೊ ಕಾಲ್‌ನಲ್ಲಿ ಸೇರುತ್ತಾರೆ. ನಿಮ್ಮ ಮನೆಯಲ್ಲಿ ಅದು ದಾಸರ ಪದ, ವಚನ, ಇಲ್ಲವೇ ಮಲಗುವ ಮುಂಚಿನ ಒಂದು ಕಥೆ ಇರಬಹುದು. ನಮ್ಮಲ್ಲಿ ಒಂದು ಸಣ್ಣ ಬದಲಾವಣೆ ಮಾಡಿಕೊಂಡಿದ್ದೇವೆ: ಮೊದಲರ್ಧ ಹೇಳುವ ಸರದಿ ಈಗ ಮಗಳದು, ಕನ್ನಡದಲ್ಲಿ. ತಡವರಿಸಿದರೆ ಅಜ್ಜಿ ಆ ಕಡೆಯಿಂದ ನಿಧಾನವಾಗಿ ಇನ್ನೊಮ್ಮೆ ಹೇಳಿಕೊಡುತ್ತಾರೆ.