ಗಣಕದ ಬಿಸಿಯೂ ಮನೆಯ ನೆಮ್ಮದಿಯೂ

ವಿದ್ಯುಚ್ಛಕ್ತಿಯಿಂದ ನಾವು ಮಾಡಿಸಿಕೊಳ್ಳುವ ಕೆಲಸಗಳಲ್ಲಿ ಲೆಕ್ಕ ಹಾಕುವ ಕೆಲಸ ಬಹು ವಿಚಿತ್ರವಾದುದು. ಪಂಪು ನೀರನ್ನು ಮೇಲಕ್ಕೆತ್ತುತ್ತದೆ. ರೈಲಿನ ಎಂಜಿನ್ನು ಭಾರವನ್ನು ಎಳೆಯುತ್ತದೆ. ಗಣಕಯಂತ್ರವಾದರೋ ತಾನು ಹೀರಿದ ವಿದ್ಯುತ್ತಿಗೆ ಪ್ರತಿಯಾಗಿ ಒಂದು ಉತ್ತರವನ್ನು ಮಾತ್ರ ಕೊಡುತ್ತದೆ. ಉತ್ತರಕ್ಕೆ ತೂಕವಿಲ್ಲ, ಅದನ್ನು ಎತ್ತಲು ಶಕ್ತಿ ಬೇಕಾಗಿಲ್ಲ. ಹಾಗಾದರೆ ಒಳಹೊಕ್ಕ ಶಕ್ತಿ ಏನಾಯಿತು? ಶಕ್ತಿ ನಾಶವಾಗುವುದಿಲ್ಲವೆಂಬುದು ಭೌತವಿಜ್ಞಾನದ ಮೊದಲ ಪಾಠಗಳಲ್ಲೊಂದು. ಅದೆಲ್ಲವೂ ಕಟ್ಟಕಡೆಗೆ ಶಾಖವಾಗಿಯೇ ಹೊರಬರಬೇಕು. ಆದುದರಿಂದ 400 ವಾಟ್ ಹೀರುವ ಗಣಕವು 400 ವಾಟಿನ ಒಂದು ಒಲೆಯೂ ಹೌದು.

ಈ ಒಲೆಯನ್ನು ಆರಿಸುವಂತಿಲ್ಲ. ಅದರ ಬಿಸಿಯನ್ನು ಸಾಗಿಸಬೇಕು. ಸಾಗಿಸುವ ಫ್ಯಾನುಗಳು ಸದ್ದು ಮಾಡುತ್ತವೆ. ದೊಮ್ಮಲೂರಿನಂತಹ ಬಡಾವಣೆಯಲ್ಲಿ ಇದು ಸಣ್ಣ ಮಾತಲ್ಲ. ಇಲ್ಲಿಯ ಎಷ್ಟೋ ಮನೆಗಳಲ್ಲಿ ಗಣಕದ ಉದ್ಯೋಗ ರಾತ್ರಿಯವರೆಗೂ ನಡೆಯುತ್ತದೆ. ಅದೇ ಎರಡು ಕೋಣೆಗಳಲ್ಲಿ ಮಗು ಓದಬೇಕು, ವಯಸ್ಸಾದವರು ನಿದ್ರಿಸಬೇಕು. ಮಲಗುವ ಕೋಣೆಯಲ್ಲಿ ರಾತ್ರಿಯ ಸದ್ದು ಸರಾಸರಿ 30 ಡೆಸಿಬೆಲ್ಲನ್ನು ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ 1999ರಲ್ಲಿ ಸೂಚಿಸಿತು. ಭರದಿಂದ ತಿರುಗುವ ಒಂದು ಗಣಕದ ಫ್ಯಾನು ಆ ಮಿತಿಯನ್ನು ಸುಲಭವಾಗಿ ದಾಟಬಲ್ಲುದು. ಯಂತ್ರವೂ ತಣ್ಣಗಿರಬೇಕು, ಮನೆಯೂ ಸುಮ್ಮನಿರಬೇಕು. ಇವೆರಡೂ ಒಟ್ಟಿಗೆ ಸಾಧ್ಯವೆ ಎಂಬುದನ್ನು ಈಗ ವಿಚಾರಿಸೋಣ.

ಬಿಸಿ ಹುಟ್ಟುವ ಬಗೆ

ಗಣಕದ ಮಿದುಳಾದ ಪ್ರೊಸೆಸರು ಸಿಲಿಕಾನ್ ಹರಳಿನ ಮೇಲೆ ರೂಪಿಸಿದ ಕೋಟ್ಯಂತರ ಸೂಕ್ಷ್ಮ ಸ್ವಿಚ್ಚುಗಳ ಸಮೂಹ. ಒಂದೊಂದು ಸ್ವಿಚ್ಚೂ ಸೆಕೆಂಡಿಗೆ ನೂರಾರು ಕೋಟಿ ಸಲ ತೆರೆದು ಮುಚ್ಚಬಲ್ಲುದು. ಪ್ರತಿ ಸಲವೂ ಒಂದಿಷ್ಟು ವಿದ್ಯುದಂಶ ತುಂಬಿ ಬರಿದಾಗುತ್ತದೆ. ಆ ತುಂಬುವಿಕೆ ಬರಿದಾಗುವಿಕೆಗಳಲ್ಲಿ ವ್ಯಯವಾದ ಶಕ್ತಿಯೇ ಶಾಖ. ಸ್ವಿಚ್ಚುಗಳ ವೇಗ ಎರಡರಷ್ಟಾದರೆ ಈ ಶಾಖವೂ ಎರಡರಷ್ಟಾಗುತ್ತದೆ. ವೋಲ್ಟೇಜು ಎರಡರಷ್ಟಾದರೆ ಅದು ನಾಲ್ಕರಷ್ಟಾಗುತ್ತದೆ, ಏಕೆಂದರೆ ಶಾಖವು ವೋಲ್ಟೇಜಿನ ವರ್ಗವನ್ನು ಅನುಸರಿಸುತ್ತದೆ. ಈ ಕೊನೆಯ ಮಾತನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು; ಮುಂದೆ ಅದು ನಮಗೆ ಉಪಯೋಗಕ್ಕೆ ಬರುತ್ತದೆ.

1993ರಲ್ಲಿ ಬಂದ ಮೊದಲ ಪೆಂಟಿಯಂ ಪ್ರೊಸೆಸರಿಗೆ ಸುಮಾರು 15 ವಾಟ್ ಸಾಕಾಗಿತ್ತು. 2004ರಲ್ಲಿ ಇಂಟೆಲ್ ಸಂಸ್ಥೆ 4 ಗಿಗಾಹರ್ಟ್ಸ್ ವೇಗದ ಪೆಂಟಿಯಂ 4 ಅನ್ನು ಹೊರತರುವ ಯೋಚನೆಯನ್ನೇ ಕೈಬಿಟ್ಟಿತು. ವೇಗದ ಓಟಕ್ಕೆ ಬಿಸಿಯೇ ಗೋಡೆಯಾಗಿ ನಿಂತಿತ್ತು. ಅನಂತರ ಒಂದೇ ಹರಳಿನಲ್ಲಿ ಅನೇಕ ಮಿದುಳುಗಳನ್ನು ಕೂಡಿಸುವ ಕ್ರಮ ಬಂದಿತು. ಬಿಸಿಯ ಏರಿಕೆ ಮಾತ್ರ ನಿಲ್ಲಲಿಲ್ಲ. 2022ರ ಕೋರ್ ಐ9-13900ಕೆ ಪ್ರೊಸೆಸರು ಪೂರ್ಣ ಭಾರದಲ್ಲಿ 253 ವಾಟ್‌ವರೆಗೆ ಹೀರುತ್ತದೆ. ಚಿತ್ರಗಳನ್ನು ರಚಿಸುವ ಗ್ರಾಫಿಕ್ಸ್ ಕಾರ್ಡುಗಳಂತೂ ಇದನ್ನೂ ಮೀರಿಸಿವೆ: ಎನ್ವಿಡಿಯಾ ಸಂಸ್ಥೆಯ 2022ರ ಆರ್‌ಟಿಎಕ್ಸ್ 4090 ಕಾರ್ಡಿನ ಮಿತಿ 450 ವಾಟ್, 2025ರ ಆರ್‌ಟಿಎಕ್ಸ್ 5090ರದು 575 ವಾಟ್.

ಅಂಕಿಗಳಿಗಿಂತ ಆಶ್ಚರ್ಯಕರವಾದುದು ಈ ಶಾಖದ ಸಾಂದ್ರತೆ. ಅಡುಗೆಮನೆಯ 2000 ವಾಟಿನ ವಿದ್ಯುತ್ ಒಲೆಯ ತಟ್ಟೆ 18 ಸೆಂಟಿಮೀಟರ್ ಅಗಲವಿದ್ದರೆ, ಅದರ ಪ್ರತಿ ಚದರ ಸೆಂಟಿಮೀಟರಿನಿಂದ ಹೊರಡುವ ಶಾಖ ಸುಮಾರು 8 ವಾಟ್. ಮೇಲೆ ಹೇಳಿದ ಪ್ರೊಸೆಸರಿನ ಹರಳಾದರೋ ಎರಡೂವರೆ ಚದರ ಸೆಂಟಿಮೀಟರಿಗಿಂತ ಅತ್ಯಲ್ಪ ದೊಡ್ಡದು. ಅದರ ಪ್ರತಿ ಚದರ ಸೆಂಟಿಮೀಟರಿನಿಂದ ಸುಮಾರು 100 ವಾಟ್ ಹೊರಡುತ್ತದೆ. ಒಲೆಯ ತಟ್ಟೆ ಕೆಂಪಗೆ ಕಾದರೂ ಚಿಂತೆಯಿಲ್ಲ. ಇದು 95 ಅಥವಾ 100 ಡಿಗ್ರಿ ಸೆಲ್ಸಿಯಸ್ಸನ್ನು ಮೀರಬಾರದು. ಮೀರುವ ಸೂಚನೆ ಕಂಡೊಡನೆ ಇಂದಿನ ಪ್ರೊಸೆಸರು ತಾನಾಗಿಯೇ ವೇಗವನ್ನು ತಗ್ಗಿಸಿಕೊಳ್ಳುತ್ತದೆ. ಸುಟ್ಟುಹೋಗುವುದಿಲ್ಲ, ನಿಜ, ಆದರೆ ಯಾವ ವೇಗಕ್ಕಾಗಿ ಹಣ ತೆತ್ತೆವೋ ಆ ವೇಗ ಕೈಗೆ ಸಿಕ್ಕುವುದಿಲ್ಲ.

ನಾಲ್ಕು ಹೊಸಿಲುಗಳು

ಹರಳಿನಲ್ಲಿ ಹುಟ್ಟಿದ ಬಿಸಿ ಹೊರಗಿನ ಬಯಲನ್ನು ಸೇರಬೇಕಾದರೆ ನಾಲ್ಕು ಹೊಸಿಲುಗಳನ್ನು ದಾಟಬೇಕು: ಹರಳಿನಿಂದ ಲೋಹಕ್ಕೆ, ಲೋಹದಿಂದ ಗಾಳಿಗೆ, ಕ್ಯಾಬಿನೆಟ್ಟಿನಿಂದ ಕೋಣೆಗೆ, ಕೋಣೆಯಿಂದ ಹೊರಕ್ಕೆ. ಯಾವ ಹೊಸಿಲಿನಲ್ಲಿ ತಡೆಯುಂಟಾದರೂ ಬಿಸಿ ಹಿಂದಕ್ಕೆ ತುಂಬಿಕೊಳ್ಳುತ್ತದೆ. ಫ್ಯಾನು ಅದನ್ನು ನೂಕಲು ಹೆಣಗುತ್ತದೆ. ಗಣಕದ ಗದ್ದಲವೆಂದರೆ ಹೆಚ್ಚಾಗಿ ದಾರಿಯಲ್ಲಿ ಎಲ್ಲಿಯೋ ತಡೆಯಿದೆಯೆಂಬುದರ ದೂರು.

ಮೊದಲನೆಯ ಹೊಸಿಲು ಕಣ್ಣಿಗೆ ಕಾಣದಷ್ಟು ಸಣ್ಣದು. ಎಷ್ಟೇ ನುಣುಪಾಗಿ ಕಂಡರೂ ಎರಡು ಲೋಹದ ಮೈಗಳು ಕೂಡಿದಲ್ಲಿ ಅಲ್ಲಲ್ಲಿ ಮಾತ್ರ ತಾಗುತ್ತವೆ. ನಡುವಣ ಸಂದುಗಳಲ್ಲಿ ಗಾಳಿ ಕುಳಿತಿರುತ್ತದೆ. ನಿಂತ ಗಾಳಿ ಉತ್ತಮವಾದ ಕಂಬಳಿ. ತಾಮ್ರದ ಶಾಖವಾಹಕತೆ ಅದರ ಹತ್ತು ಸಾವಿರ ಪಟ್ಟಿಗಿಂತಲೂ ಹೆಚ್ಚು. ಆದುದರಿಂದಲೇ ಪ್ರೊಸೆಸರಿಗೂ ಅದರ ಮೇಲಿನ ಲೋಹಕ್ಕೂ ನಡುವೆ ಥರ್ಮಲ್ ಪೇಸ್ಟ್ ಎಂಬ ಲೇಪವನ್ನು ಹಚ್ಚುತ್ತಾರೆ. ಸಂದುಗಳ ಗಾಳಿಯನ್ನು ಹೊರಡಿಸುವುದಷ್ಟೇ ಅದರ ಕೆಲಸ. ಲೇಪ ದಪ್ಪವಾದರೆ ಅದೇ ತಡೆಯಾಗುತ್ತದೆ. ವರ್ಷಗಳು ಕಳೆದಂತೆ ಒಣಗಿದರೆ ಗಾಳಿ ಮತ್ತೆ ಒಳಹೊಗುತ್ತದೆ.

ಎರಡನೆಯ ಹೊಸಿಲನ್ನು ದಾಟಿಸುವುದು ಶಾಖನಾಳಗಳು ಮತ್ತು ಲೋಹದ ರೆಕ್ಕೆಗಳು. ಶಾಖನಾಳ ಹೊರಗಿನಿಂದ ನೋಡಲು ತಾಮ್ರದ ಕೊಳವೆ. ಒಳಗೆ ಗಾಳಿಯನ್ನು ತೆಗೆದು ಒಂದಿಷ್ಟು ನೀರನ್ನಿಟ್ಟು ಮುಚ್ಚಿರುತ್ತಾರೆ. ಒಳಗಿನ ಒತ್ತಡ ಕಡಮೆಯಾದುದರಿಂದ ನೀರು 100 ಡಿಗ್ರಿಗಿಂತ ಬಹಳ ಕೆಳಗೇ ಆವಿಯಾಗುತ್ತದೆ. ಆವಿ ತಣ್ಣನೆಯ ತುದಿಗೆ ಹೋಗಿ, ತನ್ನ ಶಾಖವನ್ನು ಅಲ್ಲಿ ಇಳಿಸಿ ಮತ್ತೆ ನೀರಾಗುತ್ತದೆ. ಒಳಮೈಯ ಬತ್ತಿಯಂತಹ ಪದರ ಆ ನೀರನ್ನು ಬಿಸಿಯ ತುದಿಗೆ ಮರಳಿ ಎಳೆಯುತ್ತದೆ. ಇಡ್ಲಿಯ ಪಾತ್ರೆಯನ್ನು ಬಲ್ಲವರಿಗೆ ಇದು ಹೊಸ ಸಂಗತಿಯಲ್ಲ. ತಳದಲ್ಲಿ ಕುದಿದ ನೀರಿನ ಹಬೆಯೇ ಮೇಲಿನ ತಟ್ಟೆಯ ಹಿಟ್ಟಿಗೆ ತಾಗಿ, ನೀರಾಗಿ, ಅದನ್ನು ಬೇಯಿಸುತ್ತದೆ. ಆವಿಯಾಗಿ ಸಾಗುವ ಶಾಖ ಗಟ್ಟಿ ತಾಮ್ರದ ಸರಳಿನಲ್ಲಿ ಸಾಗುವ ಶಾಖಕ್ಕಿಂತ ಎಷ್ಟೋ ಪಟ್ಟು ಹೆಚ್ಚು. ದೊಮ್ಮಲೂರಿನಿಂದ ಹಳೆಯ ವಿಮಾನ ನಿಲ್ದಾಣದ ರಸ್ತೆಯಲ್ಲಿ ಪೂರ್ವಕ್ಕೆ ಹೋದರೆ ಯು. ಆರ್. ರಾವ್ ಉಪಗ್ರಹ ಕೇಂದ್ರ ಸಿಕ್ಕುತ್ತದೆ. ಗಾಳಿಯೇ ಇಲ್ಲದ ಆಕಾಶದಲ್ಲಿ ಫ್ಯಾನಿಗೆ ಅರ್ಥವಿಲ್ಲ; ಉಪಗ್ರಹದ ಉಪಕರಣಗಳ ಬಿಸಿಯನ್ನು ಅದರ ಹೊರಗಣ ಫಲಕಗಳಿಗೆ ಸಾಗಿಸುವವು ಇಂತಹ ಶಾಖನಾಳಗಳೇ. ಅಲ್ಲಿ ನೀರಿಗೆ ಬದಲಾಗಿ ಅಮೋನಿಯಾ ಬಳಕೆಯಾಗುತ್ತದೆ.

ನೀರಿನ ಕೊಳವೆಗಳಿಂದ ತಂಪು ಮಾಡುವ ಸಲಕರಣೆಗಳೂ ಎಸ್. ಪಿ. ರಸ್ತೆಯ ಅಂಗಡಿಗಳಲ್ಲಿ ದೊರೆಯುತ್ತವೆ. ನೀರು ಬಿಸಿಯನ್ನು ಚೆನ್ನಾಗಿ ಹೊರುತ್ತದೆ. ಆದರೆ ಅದು ಹೊತ್ತದ್ದನ್ನು ಕೊನೆಗೆ ಗಾಳಿಗೇ ಇಳಿಸಬೇಕು. ಪಂಪಿನ ಸದ್ದು ಬೇರೆ. ಎಲ್ಲರಿಗೂ ಅದು ಬೇಕಾದುದಲ್ಲ.

ನಿಧಾನದ ಲಾಭ

ಇನ್ನು ಮೂರನೆಯ ಹೊಸಿಲು. ಸದ್ದಿನ ಪ್ರಶ್ನೆ ಮುಖ್ಯವಾಗಿ ಇತ್ಯರ್ಥವಾಗುವುದು ಇಲ್ಲಿಯೇ.

ಕ್ಯಾಬಿನೆಟ್ಟಿನೊಳಗೆ 300 ವಾಟ್ ಬಿಸಿ ಹುಟ್ಟುತ್ತಿದೆಯೆಂದೂ, ಹೊರಹೋಗುವ ಗಾಳಿ ಒಳಬಂದ ಗಾಳಿಗಿಂತ 10 ಡಿಗ್ರಿ ಮಾತ್ರ ಹೆಚ್ಚು ಬಿಸಿಯಾಗಬೇಕೆಂದೂ ಇಟ್ಟುಕೊಳ್ಳೋಣ. ಸಮುದ್ರಮಟ್ಟದ ಮಂಗಳೂರಿನಲ್ಲಿ ಇದಕ್ಕೆ ಸೆಕೆಂಡಿಗೆ ಸುಮಾರು 25 ಲೀಟರ್ ಗಾಳಿ ಸಾಕು. ಬೆಂಗಳೂರು 900 ಮೀಟರಿಗೂ ಹೆಚ್ಚು ಎತ್ತರದಲ್ಲಿದೆ. ಇಲ್ಲಿಯ ಗಾಳಿ ಸುಮಾರು ಹತ್ತರಲ್ಲಿ ಒಂದು ಪಾಲು ತೆಳುವು. ಆದ್ದರಿಂದ ಇಲ್ಲಿ ಸುಮಾರು 28 ಲೀಟರ್ ಬೇಕು. ಎಂದರೆ ಪ್ರತಿ ಸೆಕೆಂಡಿಗೂ ಹೆಚ್ಚುಕಡಮೆ ಎರಡು ಕೊಡದಷ್ಟು ಗಾಳಿ.

ಇಷ್ಟು ಗಾಳಿಯನ್ನು ಒಂದು ಫ್ಯಾನು ಭರದಿಂದ ತಿರುಗಿ ಸಾಗಿಸಬಹುದು. ಎರಡು ಫ್ಯಾನುಗಳು ಅರ್ಧ ವೇಗದಲ್ಲಿ ತಿರುಗಿಯೂ ಸಾಗಿಸಬಹುದು. ಗಾಳಿಯ ಲೆಕ್ಕದಲ್ಲಿ ಎರಡೂ ಒಂದೇ. ಕಿವಿಯ ಲೆಕ್ಕದಲ್ಲಿ ಅಜಗಜಾಂತರ. ಫ್ಯಾನಿನ ವೇಗವನ್ನು ಅರ್ಧಕ್ಕೆ ಇಳಿಸಿದರೆ ಅದರ ಸದ್ದು ಸುಮಾರು 15 ಡೆಸಿಬೆಲ್ ಇಳಿಯುತ್ತದೆ. ಅಂತಹದೇ ಇನ್ನೊಂದನ್ನು ಜೊತೆಗೂಡಿಸಿದರೆ 3 ಡೆಸಿಬೆಲ್ ಏರುತ್ತದೆ. ನಿವ್ವಳ ಲಾಭ 12 ಡೆಸಿಬೆಲ್. ಹತ್ತು ಡೆಸಿಬೆಲ್ ಇಳಿದರೆ ಸದ್ದು ಅರ್ಧವಾದಂತೆ ನಮ್ಮ ಕಿವಿಗೆ ತೋರುತ್ತದೆ. ಫ್ಯಾನುಗಳು ತಿನ್ನುವ ವಿದ್ಯುತ್ತು ವೇಗದ ಘನವನ್ನು ಅನುಸರಿಸುವುದರಿಂದ ಎರಡೂ ಸೇರಿ ಹಿಂದಿನದರ ಕಾಲುಭಾಗವನ್ನಷ್ಟೇ ಬಳಸುತ್ತವೆ. ಸಣ್ಣ ಫ್ಯಾನಿಗೆ ಬದಲಾಗಿ ದೊಡ್ಡದನ್ನು ಹಾಕಿದಾಗಲೂ ಇದೇ ಬಗೆಯ ಲಾಭ.

ಇದಕ್ಕೆ ಒಂದು ಷರತ್ತುಂಟು. ವೇಗ ಅರ್ಧವಾದಾಗ ಫ್ಯಾನಿನ ನೂಕುವ ಒತ್ತಡ ಕಾಲುಭಾಗಕ್ಕೆ ಇಳಿಯುತ್ತದೆ. ನಿಧಾನದ ಫ್ಯಾನು ಮೃದುಸ್ವಭಾವದ್ದು; ಅದಕ್ಕೆ ಅಡ್ಡಿಗಳೊಡನೆ ಹೋರಾಡಲು ಬಾರದು. ಮುಂಭಾಗದ ಜಾಲರಿಯಲ್ಲಿ ಧೂಳು ಕಟ್ಟಿದ್ದರೆ, ತಂತಿಗಳ ಗೋಜಲು ಅಡ್ಡ ಬಂದಿದ್ದರೆ, ಹಿಂಭಾಗ ಗೋಡೆಗೆ ಒತ್ತಿಕೊಂಡಿದ್ದರೆ ಅದು ಸೋಲುತ್ತದೆ. ಮೌನ ಬೇಕಾದವರು ಮೊದಲು ದಾರಿಯನ್ನು ತೆರವು ಮಾಡಬೇಕು.

ದೊಮ್ಮಲೂರಿನ ಒಂದು ಗೋಡೆ

ಫ್ಯಾನಿನ ಮೇಲೆ ಭಾರ ಹಾಕದೆ ಗಾಳಿಯನ್ನು ನಡೆಸುವ ಪಾಠಕ್ಕೆ ನಾವು ದೂರ ಹೋಗಬೇಕಾಗಿಲ್ಲ. ಟೆರಿ ಎಂದು ಹೆಸರಾದ ಇಂಧನ ಸಂಶೋಧನಾ ಸಂಸ್ಥೆಗೆ ದೊಮ್ಮಲೂರಿನಲ್ಲಿ ಈ ಶತಮಾನದ ಆರಂಭದ ಹೊತ್ತಿಗೆ ಒಂದು ಕಟ್ಟಡವಾಯಿತು. ವಾಸ್ತುಶಿಲ್ಪಿ ಸಂಜಯ್ ಮೋಹೆಯವರಿಗೆ ದೊರೆತ ನಿವೇಶನದ ದಕ್ಷಿಣಕ್ಕೆ ದುರ್ವಾಸನೆಯ ತೆರೆದ ಮೋರಿಯೊಂದಿತ್ತು. ಅವರು ಕಟ್ಟಡದ ಬೆನ್ನನ್ನು ಮೋರಿಯ ಕಡೆಗೆ ತಿರುಗಿಸಿ, ದಕ್ಷಿಣದ ಗೋಡೆಯನ್ನು ಕಿಟಕಿಗಳಿಲ್ಲದೆ ಎರಡು ಪದರಗಳಲ್ಲಿ ಕಟ್ಟಿಸಿ, ನಡುವೆ ಟೊಳ್ಳು ಬಿಡಿಸಿದರು. ಹೊರಪದರದ ಕಪ್ಪು ಕಡಪ ಕಲ್ಲು ಬಿಸಿಲಿಗೆ ಕಾಯುತ್ತದೆ. ಟೊಳ್ಳಿನೊಳಗಿನ ಗಾಳಿ ಬಿಸಿಯಾಗಿ, ಹಗುರವಾಗಿ ಮೇಲೇರುತ್ತದೆ. ಅದು ತೆರವು ಮಾಡಿದ ಸ್ಥಳಕ್ಕೆ ಉತ್ತರದ ಕಡೆಯಿಂದ ಶುದ್ಧವಾದ ಗಾಳಿ ಕಟ್ಟಡದ ಉದ್ದಕ್ಕೂ ಹರಿದುಬರುತ್ತದೆ. ಯಾವ ಬಿಸಿಲು ಶತ್ರುವಾಗಬೇಕಾಗಿತ್ತೋ ಅದೇ ಗಾಳಿಯನ್ನೆಳೆಯುವ ಯಂತ್ರವಾಯಿತು. ದಂಡಿನ ಹಳೆಯ ಬಂಗಲೆಗಳಲ್ಲಿ ಚಾವಣಿಯ ಸಮೀಪ ವೆಂಟಿಲೇಟರುಗಳನ್ನು ಇಟ್ಟವರಿಗೂ ಈ ತತ್ತ್ವ ತಿಳಿದಿತ್ತು.

ಗಣಕದ ಕ್ಯಾಬಿನೆಟ್ಟು ಒಂದು ಪುಟ್ಟ ಕಟ್ಟಡ. ತಣ್ಣನೆಯ ಗಾಳಿ ಮುಂದಿನ ಕೆಳಭಾಗದಿಂದ ಬರಲಿ, ಬಿಸಿಗಾಳಿ ಹಿಂದಿನ ಮೇಲ್ಭಾಗದಿಂದ ಹೋಗಲಿ. ಎರಡೂ ಒಂದನ್ನೊಂದು ಸಂಧಿಸದಿರಲಿ. ಅಷ್ಟು ಕಿರಿದಾದ ಪೆಟ್ಟಿಗೆಯಲ್ಲಿ ಬಿಸಿಗಾಳಿ ತಾನಾಗಿ ಏರುವ ಬಲ ಅಲ್ಪ, ಆದುದರಿಂದ ಫ್ಯಾನು ಬೇಕೇಬೇಕು. ಆದರೆ ಪ್ರಕೃತಿ ನಡೆಯುವ ದಿಕ್ಕಿನಲ್ಲೇ ಫ್ಯಾನೂ ನಡೆದರೆ ಕೆಲಸ ಹಗುರವಾಗುತ್ತದೆ.

ಮರೆತ ಹೊಸಿಲು

ನಾಲ್ಕನೆಯ ಹೊಸಿಲನ್ನು ಹೆಚ್ಚಿನವರು ಮರೆತೇಬಿಡುತ್ತಾರೆ. ಕ್ಯಾಬಿನೆಟ್ಟಿನಿಂದ ಹೊರಬಂದ ಬಿಸಿ ಕೋಣೆಯಲ್ಲಿಯೇ ಉಳಿದರೆ ಪ್ರಯೋಜನವೇನು? ಸುಮ್ಮನೆ ಕುಳಿತ ಒಬ್ಬ ಮನುಷ್ಯನ ದೇಹದಿಂದ ಸುಮಾರು 100 ವಾಟ್ ಶಾಖ ಹೊರಡುತ್ತದೆ. 400 ವಾಟಿನ ಗಣಕವೆಂದರೆ ಕೋಣೆಯಲ್ಲಿ ಇನ್ನೂ ನಾಲ್ವರು ಕುಳಿತಂತೆ. ಹತ್ತು ಅಡಿಗೆ ಹನ್ನೆರಡು ಅಡಿಯ, ಹತ್ತು ಅಡಿ ಎತ್ತರದ ಕೋಣೆಯ ಬಾಗಿಲು ಕಿಟಕಿಗಳನ್ನು ಮುಚ್ಚಿದರೆ, ಗೋಡೆಗಳು ಏನನ್ನೂ ಹೀರಿಕೊಳ್ಳದಿದ್ದ ಪಕ್ಷದಲ್ಲಿ, ಅಲ್ಲಿಯ ಗಾಳಿ ಕಾಲು ಗಂಟೆಯಲ್ಲಿ 10 ಡಿಗ್ರಿ ಏರಿಬಿಡುತ್ತಿತ್ತು. ಗೋಡೆಗಳ ಪುಣ್ಯದಿಂದ ಹಾಗಾಗುವುದಿಲ್ಲ. ಆದರೂ ಕೋಣೆ ಬಿಸಿಯಾಗುವುದು ನಿಶ್ಚಯ. ಕೋಣೆ 5 ಡಿಗ್ರಿ ಏರಿದರೆ, ಫ್ಯಾನಿನ ವೇಗ ಬದಲಾಗದಿದ್ದಲ್ಲಿ, ಪ್ರೊಸೆಸರೂ ಹೆಚ್ಚುಕಡಮೆ 5 ಡಿಗ್ರಿ ಏರುತ್ತದೆ. ಅದನ್ನು ತಡೆಯಲು ಫ್ಯಾನು ಅಬ್ಬರಿಸತೊಡಗುತ್ತದೆ. 2016ರ ಏಪ್ರಿಲ್ಲಿನಲ್ಲಿ ಬೆಂಗಳೂರಿನ ಉಷ್ಣತೆ 39.2 ಡಿಗ್ರಿ ಮುಟ್ಟಿತ್ತು. ಅಂತಹ ದಿನಗಳಲ್ಲಿ ಫ್ಯಾನನ್ನು ದೂರಿ ಫಲವಿಲ್ಲ. ಆದರೆ ಈ ಊರಿನ ರಾತ್ರಿಗಳು ಬೇಸಗೆಯಲ್ಲೂ ಸಾಮಾನ್ಯವಾಗಿ ತಂಪು. ಎದುರುಬದುರಿನ ಎರಡು ಕಿಟಕಿಗಳನ್ನು ತೆರೆದರೆ ನಾಲ್ಕನೆಯ ಹೊಸಿಲನ್ನು ಖರ್ಚಿಲ್ಲದೆ ದಾಟಬಹುದು.

ಮಾಡಬೇಕಾದ ಕ್ರಮ

ಇಷ್ಟನ್ನು ತಿಳಿದಮೇಲೆ ಕೆಲಸದ ಕ್ರಮ ತಾನಾಗಿಯೇ ಹೊಳೆಯುತ್ತದೆ. ಕೈಗೆ ಸುಲಭವಾದುದನ್ನು ಮೊದಲು ಮಾಡಬೇಕು. ಕ್ಯಾಬಿನೆಟ್ಟನ್ನು ಮೇಜಿನ ಮುಚ್ಚಿದ ಗೂಡಿನಿಂದ ಹೊರತೆಗೆದು, ಗೋಡೆಯಿಂದ ಒಂದು ಗೇಣು ದೂರದಲ್ಲಿ, ನೆಲದ ಧೂಳಿಗಿಂತ ಸ್ವಲ್ಪ ಎತ್ತರದಲ್ಲಿ ಇಡಬೇಕು. ರಸ್ತೆಯ ಧೂಳು ಬರುವ ಮನೆಗಳಲ್ಲಿ ತಿಂಗಳಿಗೊಮ್ಮೆ ಜಾಲರಿಯನ್ನು ಬಿಚ್ಚಿ ತೊಳೆದು, ಚೆನ್ನಾಗಿ ಒಣಗಿಸಿ ಹಾಕಬೇಕು. ಒಳಗಿನ ಧೂಳನ್ನು ಊದುವಾಗ ವಿದ್ಯುತ್ತನ್ನು ಕಡಿದು, ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ಹಿಡಿದಿರಬೇಕು. ಇಲ್ಲವಾದರೆ ಅದು ಮಿತಿಮೀರಿ ತಿರುಗಿ ಬೇರಿಂಗು ಕೆಡಬಹುದು.

ಎರಡನೆಯದಾಗಿ, ಬಿಸಿಯನ್ನು ಸಾಗಿಸುವುದಕ್ಕಿಂತ ಹುಟ್ಟಿಸದಿರುವುದು ಲೇಸು. ಮೊದಲೇ ಹೇಳಿದ ವೋಲ್ಟೇಜಿನ ಮಾತು ಇಲ್ಲಿ ಉಪಯೋಗಕ್ಕೆ ಬರುತ್ತದೆ. ವೋಲ್ಟೇಜನ್ನು ಹತ್ತರಲ್ಲಿ ಒಂದು ಪಾಲು ಇಳಿಸಿದರೆ ಸ್ವಿಚ್ಚುಗಳ ಬಿಸಿ ನೂರಕ್ಕೆ 19ರಷ್ಟು ಇಳಿಯುತ್ತದೆ. ಅನೇಕ ಗ್ರಾಫಿಕ್ಸ್ ಕಾರ್ಡುಗಳಲ್ಲಿ ಹೀಗೆ ಮಾಡಲು, ಅಥವಾ ವಿದ್ಯುತ್ತಿನ ಮಿತಿಯನ್ನು ತಗ್ಗಿಸಲು, ತಂತ್ರಾಂಶದಲ್ಲಿ ಅವಕಾಶವಿದೆ. ವೇಗದ ಕೊನೆಯ ಕೆಲವು ಪಾಲುಗಳಿಗೆ ತೆರುವ ವಿದ್ಯುತ್ತೇ ಅತ್ಯಂತ ದುಬಾರಿ. ಅದನ್ನು ಬಿಟ್ಟುಕೊಟ್ಟರೆ ಹೋಗುವ ವೇಗ ಅಲ್ಪ, ದೊರೆಯುವ ತಂಪು ಬಹಳ. ಆದರೆ ಮೆಲ್ಲಮೆಲ್ಲನೆ ಇಳಿಸುತ್ತ ಪರೀಕ್ಷಿಸಬೇಕು. ತೀರ ಇಳಿಸಿದರೆ ಗಣಕ ನಡುವೆ ನಿಂತುಹೋಗುತ್ತದೆ.

ಇವೆಲ್ಲ ಆದಮೇಲೆ ಬೇಕಾದರೆ ಲೇಪವನ್ನು ಹೊಸದಾಗಿ ಹಚ್ಚಿಸಬಹುದು, ದೊಡ್ಡ ಫ್ಯಾನುಗಳನ್ನು ಕೊಳ್ಳಬಹುದು. ಫ್ಯಾನು ಕ್ಷಣಕ್ಷಣಕ್ಕೂ ಏರಿಳಿಯದೆ ಒಂದೇ ಶ್ರುತಿಯಲ್ಲಿ ತಿರುಗುವಂತೆ ಏರ್ಪಡಿಸುವುದೂ ಒಳ್ಳೆಯದು. ಸಮನಾದ ಮೆಲುದನಿಯನ್ನು ಕಿವಿ ಬೇಗ ಮರೆಯುತ್ತದೆ. ಏರಿಳಿಯುವ ದನಿಯನ್ನು ಮರೆಯುವುದಿಲ್ಲ.

ಅಂಗಡಿಯಲ್ಲಿ ಕೊಳ್ಳಬೇಕಾದ ವಸ್ತುಗಳು ಈ ಪಟ್ಟಿಯ ಕಡೆಯಲ್ಲಿ ಬಂದಿರುವುದನ್ನು ವಾಚಕರು ಗಮನಿಸಿರಬಹುದು. ಹಣ ಹೆಚ್ಚಾಗಿ ಖರ್ಚಾಗುವುದು ಮೊದಲ ಎರಡು ಹೊಸಿಲುಗಳಲ್ಲಿ. ಮನೆಯ ನಿದ್ದೆ ಕೆಡುವುದು ಸಾಮಾನ್ಯವಾಗಿ ಕೊನೆಯ ಎರಡರಲ್ಲಿ. ಹೊಸ ಫ್ಯಾನಿಗಾಗಿ ಪೇಟೆಗೆ ಹೊರಡುವ ಮುನ್ನ ಜಾಲರಿಯನ್ನೊಮ್ಮೆ ಬೆಳಕಿಗೆ ಹಿಡಿದು ನೋಡುವುದು, ಆಮೇಲೆ ಕಿಟಕಿಯನ್ನು ತೆರೆಯುವುದು ಉತ್ತಮ.