ಹೆಜ್ಜೆ ಮರಳಿತು, ಉಲ್ಲಾಸ ಮರಳಲಿಲ್ಲ

ಕೊರೊನಾ ಬಂದು ಕಾಲೇಜುಗಳು ಬಾಗಿಲು ಹಾಕಿದಾಗ ಅಮೆರಿಕದ ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದ ಕೆಲವು ವಿದ್ಯಾರ್ಥಿಗಳ ಮಣಿಕಟ್ಟಿನಲ್ಲಿ ಹೆಜ್ಜೆ ಎಣಿಸುವ ಪಟ್ಟಿ ಇತ್ತು. ಅವರ ದಿನಚರಿಯ ಅಧ್ಯಯನ ಸಾಂಕ್ರಾಮಿಕಕ್ಕೆ ಮೊದಲೇ ಶುರುವಾಗಿತ್ತು. ಹಾಗಾಗಿ ಮುಂಚೆ ಹೇಗಿತ್ತು, ಆಮೇಲೆ ಏನಾಯಿತು ಎಂಬ ಎರಡೂ ಲೆಕ್ಕ ಸಿಕ್ಕಿತು.

ದಿನಕ್ಕೆ ಸರಾಸರಿ 10,000 ಇದ್ದ ಹೆಜ್ಜೆ 4,600ಕ್ಕೆ ಕುಸಿಯಿತು. ಪರದೆ ನೋಡುವ ಹೊತ್ತು ದುಪ್ಪಟ್ಟು ಮೀರಿ ಐದು ಗಂಟೆ ದಾಟಿತು. ಜನರೊಂದಿಗೆ ಬೆರೆಯುವುದಕ್ಕೆ ದಿನದಲ್ಲಿ ಅರ್ಧ ಗಂಟೆಯೂ ಉಳಿಯಲಿಲ್ಲ. 2020ರ ಮಾರ್ಚ್‌ನಿಂದ ಜುಲೈವರೆಗೆ ಖಿನ್ನತೆಯ ಅಪಾಯದಲ್ಲಿದ್ದವರ ಪ್ರಮಾಣ ಶೇ 46ರಿಂದ 61ರವರೆಗೆ ಏರಿಳಿಯಿತು. ಓಡಾಟ ಕುಗ್ಗಿದ್ದಕ್ಕೂ ಖಿನ್ನತೆಗೂ ಗಟ್ಟಿ ನಂಟು ಕಂಡಿತು.

ಹಾಗಾದರೆ ನಡೆಸಿದರೆ ಸರಿಹೋದೀತೇ? ಸಂಶೋಧಕರು ಅದನ್ನೂ ನೋಡಿದರು. ಚೀಟಿ ಎತ್ತಿದಂತೆ ಕೆಲವರನ್ನು ಆರಿಸಿ, ನಡೆದರೆ ಒಂದಿಷ್ಟು ಹಣ ಎಂದರು. ಹೆಜ್ಜೆ ಹೆಚ್ಚಿತು. ಮನಸ್ಸಿನ ಸ್ಥಿತಿ ಮಾತ್ರ ಹೇಳಿಕೊಳ್ಳುವಷ್ಟು ಸುಧಾರಿಸಲಿಲ್ಲ. ನನ್ನನ್ನು ಬಹಳವಾಗಿ ಕಾಡಿದ ಫಲಿತಾಂಶ ಇದು.

ಅಲ್ಪಾವಧಿಯ ಪ್ರಯೋಗವಾದ್ದರಿಂದ ವ್ಯಾಯಾಮವೇ ವ್ಯರ್ಥ ಎನ್ನುವಂತಿಲ್ಲ. ಆದರೆ ಜೊತೆಗಾರರೊಂದಿಗೆ ಆಡುವ ಮೈದಾನದಿಂದ ಸಿಗುತ್ತಿದ್ದುದು ಬರೀ ಹೆಜ್ಜೆಯೇ ಎಂದು ಕೇಳಲೇಬೇಕು. 2010ರಲ್ಲಿ ಪ್ರಕಟವಾದ ಆಕ್ಸ್‌ಫರ್ಡ್‌ನ ಒಂದು ಪುಟ್ಟ ಅಧ್ಯಯನ ಇಲ್ಲಿ ನೆನಪಾಗುತ್ತದೆ. ವಿಶ್ವವಿದ್ಯಾಲಯದ 12 ದೋಣಿ ಸ್ಪರ್ಧಿಗಳು ಹುಟ್ಟು ಹಾಕುವ ಯಂತ್ರದಲ್ಲಿ ಒಮ್ಮೆ ಒಂಟಿಯಾಗಿ, ಒಮ್ಮೆ ತಂಡದ ಜೊತೆ ಲಯ ಕೂಡಿಸಿ ದುಡಿದರು. ಬಳಿಕ ತೋಳಿಗೆ ಬಿಪಿ ಪಟ್ಟಿ ಸುತ್ತಿ, ನೋವೆನಿಸಿ 'ಸಾಕು' ಅನ್ನುವವರೆಗೆ ಗಾಳಿ ತುಂಬಿದರು. ಶ್ರಮ ಅಷ್ಟೇ ಆಗಿದ್ದರೂ ತಂಡದಲ್ಲಿ ದುಡಿದ ದಿನ ಅವರು ಹೆಚ್ಚು ನೋವು ತಾಳಿದರು. ನೋವು ತಗ್ಗಿಸಿ ಹಿತ ಕೊಡುವ ಎಂಡಾರ್ಫಿನ್ ಹೆಚ್ಚು ಸ್ರವಿಸಿರಬೇಕು ಎಂದು ಸಂಶೋಧಕರು ಊಹಿಸಿದರು.

ಇದು ಪಿಟ್ಸ್‌ಬರ್ಗಿನ ಒಗಟಿಗೆ ಪೂರ್ತಿ ಉತ್ತರವಲ್ಲ. ಆದರೂ ಹಾಸ್ಟೆಲ್ ಹುಡುಗ ಹುಡುಗಿಯರ ಸಂಜೆಯ ಷಟಲ್ ಅಥವಾ ವಾಲಿಬಾಲ್ ನೆನೆಸಿಕೊಳ್ಳಿ. ಅಲ್ಲಿ ಒಂದು ಹೊತ್ತು ಗೊತ್ತು ಇರುತ್ತದೆ. ತಪ್ಪಿಸಿಕೊಂಡರೆ 'ಯಾಕೋ, ನಿನ್ನೆ ಬರ್ಲೇ ಇಲ್ಲ?' ಎಂದು ಕೇಳುವವರಿರುತ್ತಾರೆ. ಕೈಪಟ್ಟಿ ಎಣಿಸದ ಈ ಲಾಭವೇ ದೊಡ್ಡದು ಎಂಬುದು ನನ್ನ ನಂಬಿಕೆ. ಮುಚ್ಚಿದ ಕೋಣೆಗಿಂತ ಬಯಲಲ್ಲಿ ಕೊರೊನಾ ಸೋಂಕು ಹರಡುವುದು ಬಹಳ ಕಡಿಮೆ ಎಂಬುದೂ ಈಗ ತಿಳಿದಿದೆ. ಇನ್ನೊಮ್ಮೆ ಇಂಥ ಕಾಲ ಬಂದರೆ, ಅದೇ ನಾಲ್ಕು ಮಂದಿ ದಿನವೂ ಅದೇ ಅಂಗಳದಲ್ಲಿ ಆಡಲು ದಾರಿ ಇದೆಯೇ ಎಂದು ಕಾಲೇಜುಗಳು ಮೈದಾನದ ಗೇಟಿಗೆ ಬೀಗ ಹಾಕುವ ಮುನ್ನ ಯೋಚಿಸಬೇಕು.